ಅಕ್ಕನ ಕೈ ಕಾಣುವವರೆಗೆ

ಹರಿಹರದ ಬಸ್ಸಿನಲ್ಲಿ ಮೊದಲ ದಿನ ನನ್ನೆದುರು ಕೂತಿದ್ದ ಹೆಂಗಸು ಕೈಯಾಡಿಸುತ್ತ ಪಕ್ಕದವಳಿಗೆ ಏನೋ ಹೇಳುತ್ತಿದ್ದಳು. ಅಭ್ಯಾಸಬಲದಿಂದ ನಾನು ಅವಳ ಕೈಯನ್ನೇ ಓದಿದೆ: ಎಮ್ಮೆ, ಉಪ್ಪು, ಮದುವೆ, ಮತ್ತೆ ಎಮ್ಮೆ. ಬಾಯಿ ಹೇಳುತ್ತಿದ್ದುದು ಯಾರದೋ ಆಸ್ಪತ್ರೆಯ ಸುದ್ದಿ. ನಗು ಬರಬೇಕಿತ್ತು, ಅಳು ಬಂತು.

ಶ್ರೀನಿವಾಸಪುರದ ಹತ್ತಿರದ ನಮ್ಮ ಮನೆಯಲ್ಲಿ ನಾನು ಕಲಿತ ಮೊದಲ ಭಾಷೆ ಕೈಯದು. ಅಕ್ಕ ಸರೋಜ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸದು, ಮಾತಿಲ್ಲ, ಶಾಲೆಗೂ ಹೋದವಳಲ್ಲ. ನಾವಿಬ್ಬರೂ ಸೇರಿ ಕಟ್ಟಿಕೊಂಡ ಸನ್ನೆಗಳು ಯಾವ ಪುಸ್ತಕದಲ್ಲೂ ಇಲ್ಲ. ಮನೆಯಲ್ಲಿರುವ ಅಣ್ಣನ ಹೆಂಡತಿ, ನಮ್ಮ ಅತ್ತಿಗೆಗೆ ಊಟ, ಸ್ನಾನ, ಬಾ, ಹೋಗು, ಇಷ್ಟು ಬರುತ್ತದೆ. ಉಳಿದದ್ದನ್ನೆಲ್ಲ ಬಲ್ಲವರು ಇಡೀ ಲೋಕದಲ್ಲಿ ಇಬ್ಬರೇ, ಅವರಲ್ಲೊಬ್ಬಳು ಕೆಲಸ ಸಿಕ್ಕಿತೆಂದು ಇಲ್ಲಿಗೆ ಬಂದುಬಿಟ್ಟಳು.

ಹರಿಹರದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ವಾಸ ದಾವಣಗೆರೆಯ ವಿದ್ಯಾನಗರದಲ್ಲಿ, ಜುಬೇದಾ ಆಪಾ ಅವರ ಮಹಡಿಯ ಒಂಟಿ ಕೋಣೆ. ಅವರು ಕೆಳಗೆ ಬ್ಲೌಸ್ ಹೊಲಿಯುತ್ತಾರೆ. ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ. ಇನ್ನೊಬ್ಬರನ್ನು ಹಾಗೆ ಕರೆಯಲು ನನ್ನ ನಾಲಿಗೆ ತಿಂಗಳುಗಟ್ಟಲೆ ಒಪ್ಪಲಿಲ್ಲ. ನಮ್ಮಲ್ಲಿ ಮುದ್ದೆ ನುಂಗುತ್ತೇವೆ, ಇಲ್ಲಿ ಜೋಳದ ರೊಟ್ಟಿ ಅಗಿಯಬೇಕು; ದವಡೆ ಮೊದಲೆರಡು ವಾರ ಮುಷ್ಕರ ಹೂಡಿತ್ತು. ನಮ್ಮಲ್ಲಿ ನೀರೆಂದರೆ ಬೋರ್‌ವೆಲ್ಲು. ಇಲ್ಲಿ ಹರಿಹರದ ಸೇತುವೆಯ ಮೇಲೆ ತುಂಗಭದ್ರೆಯನ್ನು ಬಾಯಿಬಿಟ್ಟುಕೊಂಡು ನೋಡುತ್ತ ನಿಲ್ಲುವವಳು ನಾನೊಬ್ಬಳೇ, ಉಳಿದವರಿಗೆಲ್ಲ ಬಸ್ಸಿನ ಚಿಂತೆ. ಅಕ್ಕನಿಗೆ ಇದನ್ನು ಹೇಳಬೇಕು ಅನ್ನಿಸುತ್ತಿತ್ತು. ನಮ್ಮ ಸನ್ನೆಗಳಲ್ಲಿ ಹೊಳೆಗೆ ಸನ್ನೆಯೇ ಇರಲಿಲ್ಲ.

ಒಂದು ದಿನ ಅತ್ತಿಗೆ ಫೋನು ಮಾಡಿದಳು. “ಸರೋಜ ಯಾರತ್ರಾನೂ ಕೈ ಆಡಿಸ್ತಿಲ್ಲಮ್ಮ. ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ತಾಳೆ.”

ಆಗ ನನ್ನದು ಬರೀ ಮಾತಿನ ಫೋನು, ಅಕ್ಕನ ಪಾಲಿಗೆ ಕಲ್ಲು. ನಮ್ಮೂರ ಪಂಚಾಯ್ತಿ ಕಚೇರಿಯಲ್ಲಿ ಕ್ಯಾಮೆರಾ ಇದ್ದ ಕಂಪ್ಯೂಟರಿತ್ತು. ನನ್ನ ವಾರದ ರಜೆ ಗುರುವಾರ. ಅವತ್ತು ಹನ್ನೊಂದು ಗಂಟೆಗೆ ಅಕ್ಕನನ್ನು ಅಲ್ಲಿ ಕೂರಿಸುವುದಾಗಿ ಅತ್ತಿಗೆ ಒಪ್ಪಿದಳು. ನಾನು ಇಂಟರ್ನೆಟ್ಟಿಗೆಂದು ಅಂಗಡಿಯಿಂದ ಹೆಬ್ಬೆರಳು ಗಾತ್ರದ ಒಂದು ಯುಎಸ್‌ಬಿ ಮೋಡೆಮ್ ತಂದೆ.

ಕೋಣೆಯಲ್ಲಿದ್ದುದು ಕಾರ್ಖಾನೆಯವರು ಮನೆಯಲ್ಲಿ ಕೆಲಸ ಮಾಡಲೆಂದು ಕೊಟ್ಟ, ಕ್ಯಾಮೆರಾ ಇದ್ದ ಹಳೆಯ ಲಿನಕ್ಸ್ ಕಂಪ್ಯೂಟರು. ಮೋಡೆಮ್ ಸಿಕ್ಕಿಸಿದರೆ ಯಂತ್ರ ಅದನ್ನು ಸಿ.ಡಿ. ಎಂದು ತಿಳಿಯಿತು. ಈ ಮೋಡೆಮ್ಮುಗಳು ತಮ್ಮ ತಂತ್ರಾಂಶವನ್ನು ಹೊಟ್ಟೆಯಲ್ಲೇ ಹೊತ್ತು ಬರುತ್ತವೆ, ಹಾಗಾಗಿ ಮೊದಲು ಸಿ.ಡಿ.ಯ ವೇಷ. ವೇಷ ಕಳಚು ಎಂದು ಅದಕ್ಕೆ ಹೇಳುವ ಒಂದು ಪುಟ್ಟ ಪ್ರೋಗ್ರಾಮ್ ಹುಡುಕುವುದರಲ್ಲಿ ಎರಡು ಸಂಜೆ ಹೋದವು. ಆಮೇಲೆ ಫೈರ್‌ವಾಲ್, ಅಂದರೆ ಹೊರಗಿನಿಂದ ಬಂದದ್ದನ್ನೆಲ್ಲ ತಡೆದು ವಿಚಾರಿಸುವ ಕಾವಲು. ಅದರ ನಿಯಮಗಳೆಲ್ಲ ಕಾರ್ಖಾನೆಯ ನೆಟ್‌ವರ್ಕ್ ತಂತಿಯ ಹೆಸರಿನಲ್ಲಿದ್ದವು. ಒಂದೊಂದಾಗಿ ಮೋಡೆಮ್ಮಿನ ಹೆಸರಿಗೆ ಬದಲಾಯಿಸಿದೆ. ಬುಧವಾರ ಸಂಜೆ ಮೊದಲ ವೆಬ್ ಪುಟ ತೆರೆದಾಗ ಮೆಟ್ಟಿಲು ಹಾರಿಕೊಂಡು ಹೋಗಿ ಆಪಾಗೆ ಹೇಳಿದೆ.

“ಶಹಬ್ಬಾಸ್! ಹಂಗಾದ್ರೆ ನಾಳೆ ನಿಮ್ ಊಟ ನಮ್ಮನ್ಯಾಗೆ ಐತೆ. ಬ್ಯಾಡ ಅನ್ನಬ್ಯಾಡ್ರಿ ಮತ್ತೆ.”

ಗುರುವಾರ ಹನ್ನೊಂದಕ್ಕೆ ವಿಡಿಯೊ ಕರೆ ಹೋಯಿತು. ಪರದೆ ಕಪ್ಪಗಿತ್ತು. ಕಿವಿಗೆ ಹಿಡಿದ ಫೋನಿನಲ್ಲಿ ಅತ್ತಿಗೆ ಕಿರುಚಿದಳು: “ಕಾಣಿಸ್ತಾ ಇದೀಯ! ಸರೋಜ ನಗ್ತಾವ್ಳೆ ಕಣಮ್ಮ! ಕೈ ಆಡಿಸ್ತಾವ್ಳೆ!”

ನನ್ನ ಚಿತ್ರ ಅಲ್ಲಿಗೆ ಹೋಗುತ್ತಿತ್ತು, ಅವಳದು ನನಗೆ ಬರುತ್ತಿರಲಿಲ್ಲ. “ಏನು ಹೇಳ್ತಿದಾಳೆ ಅತ್ತಿಗೆ?” ಅಂದೆ.

“ನಂಗೇನ್ ಗೊತ್ತಾಗ್ತದೆ? ಬೇಗ ಮಾತಾಡು, ಇಲ್ಲಿರೋರೆಲ್ಲ ನೋಡ್ತಾವ್ರೆ. ಎದ್ದುಬಿಟ್ರೆ ಇನ್ನೊಂದು ಸಲ ಬರೋಳಲ್ಲ ಇವ್ಳು.”

ಕಾಣುತ್ತಿಲ್ಲ ಎಂದು ಸನ್ನೆ ಮಾಡಿದರೆ ಅಕ್ಕ ಎದ್ದೇ ಹೋಗುತ್ತಾಳೆ. ಅವಳ ಸ್ವಭಾವ ನನಗೆ ಗೊತ್ತು. ಅರ್ಥವಾಗದ ಕಡೆ ನಗುತ್ತ ತಲೆಯಾಡಿಸುವುದನ್ನು ಪರವೂರು ಚೆನ್ನಾಗಿಯೇ ಕಲಿಸಿತ್ತು. ಸಂತೆಯಲ್ಲಿ, ಕಚೇರಿಯಲ್ಲಿ ದಿನವೂ ಮಾಡುತ್ತಿದ್ದೆ. ಅದನ್ನೇ ಮಾಡಿದೆ. ಕಪ್ಪು ಪರದೆಗೆ ಹೂಂ, ಹೂಂ ಎಂದು ತಲೆಯಾಡಿಸುತ್ತ, ಕೀಲಿಮಣೆಯ ಮೇಲಿದ್ದ ಬೆರಳುಗಳಲ್ಲಿ ಕಾವಲಿನ ನಿಯಮಗಳನ್ನು ಹುಡುಕಿದೆ. ಕಾವಲನ್ನೇ ಕಿತ್ತುಹಾಕಬಹುದಿತ್ತು, ಆದರೆ ಕಾರ್ಖಾನೆಯ ಕಡತಗಳಿದ್ದ ಯಂತ್ರ, ಧೈರ್ಯ ಬರಲಿಲ್ಲ. ಕೊನೆಗೆ ಸಿಕ್ಕಿತು. ವೆಬ್ ಪುಟಗಳು ಬರುವ ದಾರಿಯನ್ನು ತಿದ್ದಿದ್ದೆ, ವಿಡಿಯೊ ಬರುವ ದಾರಿ ಬೇರೆಯೇ ಸಾಲಿನಲ್ಲಿ, ಇನ್ನೂ ಹಳೆಯ ತಂತಿಯ ಹೆಸರಿನಲ್ಲೇ ಇತ್ತು. ಅಕ್ಕನ ಚಿತ್ರವನ್ನು ನನ್ನ ಕಾವಲೇ ಹೊರಗೆ ನಿಲ್ಲಿಸಿತ್ತು. ಸಾಲು ತಿದ್ದಿದೆ.

ಅಕ್ಕ ಕಂಡಳು. ಹಬ್ಬದ ಸೀರೆ ಉಟ್ಟು ಬಂದಿದ್ದಳು. ಕೈಗಳೆರಡೂ ಮಡಿಲಲ್ಲಿದ್ದವು, ಹೇಳುವುದನ್ನೆಲ್ಲ ಹೇಳಿ ಮುಗಿಸಿದವಳ ಹಾಗೆ.

ಏನು ಹೇಳಿದೆ, ಎಂದು ಸನ್ನೆಯಲ್ಲಿ ಕೇಳಿದೆ.

ಅಕ್ಕ ಹುಬ್ಬು ಗಂಟಿಕ್ಕಿದಳು. ಆಮೇಲೆ, ಮರೆಗುಳಿಗೆ ಹೇಳುವಂತೆ, ನಿಧಾನವಾಗಿ ಕೈಯಾಡಿಸಿದಳು. ಆ ಊರು ಒಗ್ಗಿತಾ ಅಂತ ನಾನಂದೆ, ನೀನು ಹೂಂ ಅಂದೆ. ಇನ್ನು ಅಲ್ಲೇ ಇರುತ್ತೀಯಾ ಅಂದೆ, ಹೂಂ ಅಂದೆ. ನನ್ನ ಪಕ್ಕದ ನಿನ್ನ ಹಾಸಿಗೆ ಅಣ್ಣನ ಮಗಳಿಗೆ ಕೊಡಲಾ ಅಂದೆ, ನಗುನಗುತ್ತಾ ಹೂಂ ಅಂದೆ.

ಇಲ್ಲ ಎನ್ನಲು ಕೈ ಎತ್ತಿದೆ. ಅಷ್ಟರಲ್ಲಿ ಮೆಟ್ಟಿಲ ಕೆಳಗಿನಿಂದ ಆಪಾ ಕೂಗಿದರು: “ರೊಟ್ಟಿ ತಣ್ಣಗಾಗ್ತಾವೆ, ಬರ್ರಿ! ಎಷ್ಟೊತ್ತು ಮಾಡ್ತೀರಿ?”

ಕತ್ತು ತಾನಾಗಿ ಆ ಕಡೆ ತಿರುಗಿತು. “ಬಂದೆ ಆಪಾ” ಎಂದು ಬಾಯಿ ತಾನಾಗಿ ಹೇಳಿತು.

ಮತ್ತೆ ಪರದೆಯ ಕಡೆ ತಿರುಗಿದಾಗ ಅಕ್ಕ ನನ್ನನ್ನೇ ನೋಡುತ್ತಿದ್ದಳು. ದನಿ ಅವಳಿಗೆ ಕೇಳಿಸಿರಲಿಲ್ಲ, ಆದರೆ ಮನೆಯವರು ಕರೆದಾಗ ನನ್ನ ಕತ್ತು ಹೇಗೆ ತಿರುಗುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ನಕ್ಕಳು. ಕರೀತಿದ್ದಾರೆ, ಕಾಯಿಸಬೇಡ, ಹೋಗು ಎಂದಳು.

ನಾನು ಎತ್ತಿದ ಕೈ ಏನಾದರೂ ಹೇಳುವ ಮೊದಲೇ ಅವಳು ಎದ್ದುಹೋದಳು. ಪರದೆಯಲ್ಲಿ ಖಾಲಿ ಕುರ್ಚಿ ತುಂಬ ಸ್ಪಷ್ಟವಾಗಿ ಕಾಣುತ್ತಿತ್ತು.