ಸಿಂಚನಳ ಕೈಗೊಂದು ಮೌಸ್

ರಾಜ್‌ಕೋಟಿಗೆ ಬಂದ ಮೊದಲ ದಿನ, ಮಧ್ಯಾಹ್ನ ಒಂದು ಗಂಟೆಗೆ ಕರಿಬೇವು ತರಲು ಹೊರಟವನು ಬೀದಿಯಲ್ಲೇ ನಿಂತುಬಿಟ್ಟೆ. ಎಲ್ಲ ಅಂಗಡಿಗಳ ಬಾಗಿಲೂ ಕೆಳಗೆ. ಒಂದು ನರಪಿಳ್ಳೆಯೂ ಇಲ್ಲ. ಯಾರೋ ದೊಡ್ಡವರು ಹೋಗಿಬಿಟ್ಟಿರಬೇಕು, ಗಲಾಟೆ ಆಗುವುದರೊಳಗೆ ಮನೆ ಸೇರಿಕೊಳ್ಳೋಣ ಎಂದು ಓಡಿ ಬಂದೆ. ಮೊಮ್ಮಗಳು ಸಿಂಚನ ಬಿದ್ದು ಬಿದ್ದು ನಕ್ಕಳು.

"ಯಾರೂ ಸತ್ತಿಲ್ಲ ಅಜ್ಜಾ. ಎಲ್ಲಾ ಊಟ ಮಾಡಿ ಮಲಗಿದಾರೆ. ನಾಲ್ಕು ಗಂಟೆಗೆ ಎದ್ದು ಬರ್ತಾರೆ."

ನಮ್ಮ ಭದ್ರಾವತಿಯಲ್ಲಿ ಕಾರ್ಖಾನೆಯ ಸೈರನ್ ಕೂಗಿದರೆ ಒಂದು ಪಾಲು ಜನ ಮಲಗಲು ಹೋಗುತ್ತಿದ್ದರು, ಇನ್ನೊಂದು ಪಾಲು ಬುತ್ತಿ ಹಿಡಿದು ಹೊರಡುತ್ತಿದ್ದರು. ಇಡೀ ಊರು ಒಟ್ಟಿಗೆ ಕಣ್ಣು ಮುಚ್ಚುವುದನ್ನು ನಾನು ಕಂಡಿರಲಿಲ್ಲ. ಇಲ್ಲಿಗೆ ಬಂದು ಎರಡು ವರ್ಷವಾದರೂ ಮಧ್ಯಾಹ್ನದ ಆ ಮೌನದಲ್ಲಿ ನನ್ನ ಕಿವಿ ಇನ್ನೂ ಸೈರನ್ನಿಗೆ ಕಾಯುತ್ತದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕೆಲಸ ಕಲಿತಿದ್ದು ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ. ಕಬ್ಬಿಣ ಎರಕ ಹೊಯ್ಯುವ ಮೊದಲು ಅದರ ಮಾದರಿಯನ್ನು ಮರದಲ್ಲಿ ಮಾಡಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಗುಂಡಿಗೆ ಕರಗಿದ ಕಬ್ಬಿಣ ಬೀಳುತ್ತದೆ. ಆರುವಾಗ ಕಬ್ಬಿಣ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೋ ಅಷ್ಟು ಮರವನ್ನು ಮೊದಲೇ ದೊಡ್ಡದಾಗಿ ಕೆತ್ತಿರಬೇಕು. ಈಗ ಅದೇ ಮಾದರಿಗಳನ್ನು ನನ್ನ ಮೊಮ್ಮಗಳು ಕಂಪ್ಯೂಟರಿನಲ್ಲಿ ಬರೆಯುತ್ತಾಳೆ! ರಾಜ್‌ಕೋಟಿನ ಎರಕದ ಶೆಡ್ಡುಗಳಲ್ಲಿ ಮೀಸೆ ಹಣ್ಣಾದ ಮೇಸ್ತ್ರಿಗಳು ಅವಳನ್ನು "ಬೆನ್" ಎಂದು ಕರೆದು, ಅವಳು ಹೇಳಿದಂತೆ ಮರಳು ಒತ್ತುತ್ತಾರೆ. ಬೆನ್ ಅಂದರೆ ಅಕ್ಕ, ತಂಗಿ. ಇದನ್ನು ಊರಿನವರಿಗೆ ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ಅವಳ ಅಪ್ಪ ಅಮ್ಮ ಇಬ್ಬರೂ ಶಿವಮೊಗ್ಗದಲ್ಲಿ ಕೆಲಸಕ್ಕೆ ಹೋಗುತ್ತಿದ್ದರಿಂದ ಭದ್ರಾವತಿಯ ನಮ್ಮ ಮನೆಯಲ್ಲೇ ಅವಳು ಬೆಳೆದದ್ದು. ನನ್ನ ಹೆಂಡತಿ ತೀರಿಕೊಂಡ ಮೇಲೆ, ಇಲ್ಲಿ ಕೆಲಸ ಸಿಕ್ಕಾಗ, "ನೀನೂ ಬಾ ಅಜ್ಜಾ, ನಂಗೆ ಜೊತೆಗೆ" ಎಂದಳು. ಬಂದೆ. ಬೇಳೆಗೆ ಬೆಲ್ಲ ಹಾಕುವವರ ನಡುವೆ ಬದುಕಲು ಕಲಿತೆ. ಕರಿಬೇವಿಗೆ ಇಲ್ಲಿ "ಮೀಠೋ ಲೀಮಡೋ" ಅನ್ನುತ್ತಾರೆ, ಸಿಹಿ ಬೇವು ಎಂದು ಅರ್ಥ. ಯಾರ ಸಹಾಯವೂ ಇಲ್ಲದೆ ಅದನ್ನು ಕೇಳಿ ತಂದ ದಿನ ಗೆದ್ದು ಬಂದವನ ಹಾಗೆ ನಡೆದೆ.

ಆದರೆ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕೆಲಸ ಮಾಡುವಾಗ ಸಿಂಚನ ಮೌಸನ್ನು ಎಡಗೈಯಲ್ಲಿ ಹಿಡಿಯುತ್ತಾಳೆ. ಅದರ ವೈರು ಗಿಡ್ಡ. ಬಲಗಡೆಯ ತೂತಿನಿಂದ ಬಂದು, ಕಂಪ್ಯೂಟರಿನ ಹಿಂದಿನಿಂದ ಸುತ್ತಿ, ಎಳೆದು ಕಟ್ಟಿದ ಹಗ್ಗದಂತೆ ನಿಲ್ಲುತ್ತದೆ. ನಾನು ಕೋಣೆಗೆ ಕಾಲಿಟ್ಟರೆ ಸಾಕು, ಅವಳ ಕಣ್ಣು ಪರದೆಯ ಮೇಲೇ ಇರುತ್ತದೆ, ಮೌಸ್ ಮಾತ್ರ ಬಲಗೈಗೆ ಬಂದಿರುತ್ತದೆ. ನಾನು ಕಂಡೂ ಕಾಣದವನಂತೆ ಇದ್ದೆ.

ಪಿಂಚಣಿಯವರು ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ಬ್ಯಾಂಕಿಗೆ ತೋರಿಸಬೇಕಲ್ಲ. ಈಗ ಎಲ್ಲಿ ಬೇಕಾದರೂ ಹೆಬ್ಬೆಟ್ಟು ಒತ್ತಬಹುದಂತೆ. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಭದ್ರಾವತಿಗೇ ಹೊರಟೆ. "ಊರಿಂದ ಏನು ತರ್ಲೇ?" ಎಂದೆ.

"ಮುಂದಿನ ತಿಂಗಳಿಂದ ನಂಗೆ ಊರೂರು ತಿರುಗೋ ಕೆಲಸ. ವೈರ್ ಇಲ್ಲದ ಮೌಸ್ ತಂದ್ಕೊಡ್ತೀಯಾ?" ಎಂದು ತಮಾಷೆ ಮಾಡಿದಳು. ಅದು ರಾಜ್‌ಕೋಟಿನಲ್ಲಿ ಸಿಗುವುದಿಲ್ಲವೇ! ಆದರೂ ನಾನು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಅಳತೆ ಇಲ್ಲದೆ ಕೆಲಸಕ್ಕೆ ಕೈಹಾಕಿದವನಲ್ಲ ನಾನು. ಒಂದು ಹಾಳೆ ತಂದು, "ಕೈ ಇಡು" ಎಂದೆ. ಯಾವ ಕೈ ಎಂದು ಅವಳು ಕೇಳಲಿಲ್ಲ. ಬಲಗೈ ಇಟ್ಟಳು. ಸುತ್ತ ಪೆನ್ಸಿಲ್ ಎಳೆದುಕೊಂಡೆ.

ಬ್ಯಾಂಕಿನ ಕೆಲಸ ಮುಗಿಸಿ, ಪ್ಯಾಟರ್ನ್ ಶಾಪಿನ ಗೆಳೆಯ ಏಳುಮಲೈಯನ್ನು ಎಬ್ಬಿಸಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ "ನಮ್ಮ ರಾಜ್‌ಕೋಟಲ್ಲಿ ಹಂಗೆ, ನಮ್ಮ ರಾಜ್‌ಕೋಟಲ್ಲಿ ಹಿಂಗೆ" ಅನ್ನುತ್ತಿದ್ದೆನಂತೆ. "ನಮ್ಮ ಅಂತೆ! ಎರಡು ವರ್ಷಕ್ಕೇ ನಮ್ಮದಾಗೋಯ್ತಾ ಮಾರಾಯ?" ಎಂದು ಅವನು ತಿವಿದ. ರಾಜ್‌ಕೋಟಿನಲ್ಲಾದರೆ ಪಕ್ಕದ ಮನೆಯವರ ಹತ್ತಿರ ಮಾತೆತ್ತಿದರೆ "ನಮ್ಮ ಭದ್ರಾವತಿ" ಎಂದೇ ಶುರು ಮಾಡುವವನು ನಾನು.

ಸವಳಂಗ ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ನಾಲ್ಕಾರು ಮೌಸ್ ತೆಗೆದು ಗಾಜಿನ ಮೇಲಿಟ್ಟರು. ಒಂದು ಚಪ್ಪಟೆ, ಜೇಬಿನಲ್ಲಿ ಹಿಡಿಯುತ್ತದೆ, ಅಂಗೈ ಮಾತ್ರ ಊರುವುದಿಲ್ಲ. ಇನ್ನೊಂದು ಹಗುರ, ಆದರೆ ಎರಡು ಹೋಳು ಸೇರುವ ಕಡೆ ಉಗುರು ಸಿಕ್ಕುತ್ತದೆ. ಮೂರನೆಯದನ್ನು ಹಿಡಿದಾಗ ಬಿಡಲು ಮನಸ್ಸು ಬರಲಿಲ್ಲ. ಹೆಬ್ಬೆರಳು ಕೂರಲು ಗುಳಿ, ಅಂಗೈಗೆ ದಿಣ್ಣೆ. ಯಾವನೋ ಒಳ್ಳೆ ಕೆಲಸಗಾರ ಮಾಡಿದ ಮಾದರಿ. ಹಾಳೆಯ ಮೇಲಿಟ್ಟರೆ ಅವಳ ಕೈಯೊಳಗೆ ಸರಿಯಾಗಿ ಕೂತಿತು.

"ಇದೇ ಇರ್ಲಿ ತಾಯಿ."

"ಇದು ಬಲಗೈನವರಿಗೆ ಮಾತ್ರ ಆಗೋದು ಅಜ್ಜಾ. ಬಳಸೋರು ಬಲಗೈನವರು ತಾನೆ?"

"ಹೂಂ" ಎಂದೆ.

"ಯಾರು, ಸಿಂಚನಾನಾ?" ಏಳುಮಲೈ ಬಾಯಿ ಹಾಕಿದ. "ಸುಳ್ಳು ಹೇಳ್ಬೇಡ ರುದ್ರಪ್ಪ. ಆ ಮಗು ಎಡಗೈಗೆ ಕಾಲುಚೀಲ ಹಾಕಿ, ದಾರ ಕಟ್ಟಿ, ಊಟಕ್ಕೆ ಕೂರಿಸ್ತಿದ್ದೋನು ನೀನಲ್ವಾ? ನಾನೇ ಒಂದ್ಸಲ ಬಿಚ್ಚಿದ್ದಕ್ಕೆ ನನ್ ಮೇಲೆ ಎಗರಾಡಿದ್ದೆ."

ಅಂಗಡಿಯ ಹೆಂಗಸು ನನ್ನ ಮುಖ ನೋಡಿದರು. ನಾನು ಹಾಳೆ ನೋಡಿದೆ. ಉಣ್ಣುವ ಕೈಯಲ್ಲೇ ಉಣ್ಣಬೇಕು, ಕೊಡುವುದು ತೆಗೆದುಕೊಳ್ಳುವುದು ಬಲಗೈಯಲ್ಲೇ ಎಂದು ನನಗೆ ಹೇಳಿದ್ದನ್ನೇ ನಾನು ಮಗುವಿಗೆ ಹೇಳಿದ್ದು. ನೀಲಿ ಕಾಲುಚೀಲ ಅದು. ಅವಳು ಅಳುತ್ತಿರಲಿಲ್ಲ, ಆ ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಬಲಗೈಯಲ್ಲಿ ಅನ್ನ ಚೆಲ್ಲುತ್ತ ಕೂರುತ್ತಿದ್ದಳು. ಕಬ್ಬಿಣ ಎಷ್ಟು ಕುಗ್ಗುತ್ತದೆ ಎಂದು ಕೂದಲೆಳೆಯಷ್ಟೂ ತಪ್ಪದೆ ಹೇಳುತ್ತಿದ್ದವನು, ಆ ಮಗು ಎಷ್ಟು ಕುಗ್ಗಿತೆಂದು ನೋಡಿರಲಿಲ್ಲ.

ಹಾಳೆಯನ್ನು ಎತ್ತಿ ಟ್ಯೂಬ್‌ಲೈಟಿನ ಎದುರು ಹಿಡಿದೆ. ಗೆರೆ ಹಿಂಬದಿಗೂ ಕಾಣುತ್ತಿತ್ತು. ಹಾಳೆ ತಿರುಗಿಸಿದೆ. ಬಲಗೈ ಎಡಗೈ ಆಯಿತು.

"ಈ ಕೈಗೆ ಕೊಡಿ ತಾಯಿ."

ಅವರು ಒಳಗಿನಿಂದ ಇನ್ನೊಂದು ತಂದರು. ಎರಡು ಪಕ್ಕವೂ ಒಂದೇ ಸಮ. ಹೊಟ್ಟೆಯಡಿಯ ಮುಚ್ಚಳದೊಳಗೆ ಉಗುರಿನಷ್ಟು ತುಂಡು, ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಸಾಕು. ಚೀಲದಲ್ಲಿ ಇಡುವಾಗ ಆರಿಸಲು ಸ್ವಿಚ್ಚೂ ಇತ್ತು. ಒತ್ತಿದರೆ ಸದ್ದೇ ಇಲ್ಲ. "ರೈಲಲ್ಲಿ ಪಕ್ಕದೋರಿಗೂ ಗೊತ್ತಾಗಲ್ಲ ಅಜ್ಜಾ" ಎಂದರು. ನಾನು ತಿರುಗಿಸಿ, ಮಗುಚಿ, ಬೆರಳಾಡಿಸುತ್ತಲೇ ಇದ್ದೆ.

"ಬೇಗ ಕಟ್ಟಿಕೊಡ್ರಮ್ಮಾ," ಎಂದ ಏಳುಮಲೈ. "ಇನ್ನೊಂದು ಗಳಿಗೆ ಬಿಟ್ರೆ ಇವನು ಮನೆಗೆ ಹೋಗಿ ಮರದಲ್ಲಿ ಕೆತ್ತೋಕೆ ಕೂತ್ಕೋತಾನೆ."

ರಾಜ್‌ಕೋಟಿಗೆ ವಾಪಸು ಬಂದು ಅದನ್ನು ಅವಳ ಕೈಗೆ ಕೊಡಲಿಲ್ಲ. ಕಂಪ್ಯೂಟರಿನ ಎಡಗಡೆ ಇಟ್ಟೆ. ಅವಳು ಮೌಸ್ ನೋಡಿದಳು, ನನ್ನನ್ನು ನೋಡಿದಳು.

"ಈ ಕಡೆನಾ ಅಜ್ಜಾ?"

"ಆ ಕಡೆನೇ ಕಣವ್ವ."

ಅಂದಿನಿಂದ ನಾನು ಕೋಣೆಗೆ ಹೋದರೂ ಅದು ಎಡಗಡೆಯೇ ಇರುತ್ತದೆ.

ಇಂದು ಬೆಳಿಗ್ಗೆ ಅವಳು ಮೊದಲ ತಿರುಗಾಟಕ್ಕೆ ಹೊರಟಳು. ಇನ್ನು ಎಂಟು ದಿನ ಮನೆಯಲ್ಲಿ ನಾನೊಬ್ಬನೇ. "ಬೇಜಾರಾದ್ರೆ ಊರಿಗೆ ಹೋಗಿ ಬಾ ಅಜ್ಜಾ" ಅಂದಳು. ಹೋಗಬೇಕೆಂದು ಜೀವ ಎಳೆಯುತ್ತದೆ, ಅಲ್ಲಿ ಹೋದರೆ ಅವಳು ಬರುವ ದಿನ ಎಣಿಸುತ್ತ ಕೂರುತ್ತೇನೆಂದೂ ಗೊತ್ತು. ಬದುಕಿದ್ದೇನೆ ಎಂದು ಭದ್ರಾವತಿಯಲ್ಲಿ ತೋರಿಸಿ ಬರುತ್ತೇನೆ, ಬದುಕು ಮಾತ್ರ ಇಲ್ಲಿದೆ.

ಹೊರಡುವ ಗಡಿಬಿಡಿಯಲ್ಲಿ ನನಗೆ ಚಹಾ ತಂದಳು. ಇಲ್ಲಿ ಚಹಾ ಕುಡಿಯುವುದು ರಕಾಬಿಯಲ್ಲಿ, ಅಂದರೆ ತಟ್ಟೆಯಂಥ ಸಾಸರಿನಲ್ಲಿ. ಬಲಗೈಯಲ್ಲಿ ಚೀಲವಿತ್ತು, ರಕಾಬಿಯನ್ನು ಎಡಗೈಯಲ್ಲಿ ಚಾಚಿದಳು. ಚಾಚಿದವಳು ತಟ್ಟನೆ ತಡೆದುಕೊಂಡು, ಕೈ ಬದಲಾಯಿಸಲೆಂದು ಚೀಲ ಕೆಳಗಿಡಲು ಬಗ್ಗಿದಳು.

ನಾನು ನನ್ನ ಎಡಗೈ ಚಾಚಿ ರಕಾಬಿ ತೆಗೆದುಕೊಂಡೆ. ಅಭ್ಯಾಸವಿಲ್ಲದ ಕೈ. ಸ್ವಲ್ಪ ಚಹಾ ಚೆಲ್ಲಿತು.