ಸಿಲೋನಿನ ಕೈಖರ್ಚು

ನನಗೆ ನನ್ನ ನೆಗೆಣ್ಣಿಯ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಓದುವವರು, ಆಹಾ, ಎಷ್ಟು ಹೊಂದಿಕೊಂಡಿದ್ದ ಸೊಸೆಯಂದಿರು ಎಂದುಕೊಂಡಾರು. ಅವಳು ನನ್ನ ಗಂಡನ ಅಣ್ಣನ ಹೆಂಡತಿ, ಬಾಗಲಕೋಟೆಯ ದೊಡ್ಡ ಮನೆತನದ ಮಗಳು. ನಾನು ಕೆರೂರಿನಲ್ಲಿ ಕಿರಾಣಿ ಅಂಗಡಿ ಇಟ್ಟವರ ಮಗಳು. ಇಬ್ಬರೂ ಬಂದು ಸೇರಿದ್ದು ಇಳಕಲ್ಲಿನ ಒಂದೇ ಮನೆಗೆ, ಒಂದೇ ಒಲೆಗೆ.

ಆ ಮನೆಯದು ಸೀರೆ ವ್ಯಾಪಾರ. ಮಾವನವರು ತೀರಿಕೊಂಡ ಮೇಲೆ ಭಾವನವರು ಅಂಗಡಿ ನೋಡಿಕೊಳ್ಳುತ್ತಿದ್ದರು, ತಿಜೋರಿಯ ಕೀಲಿ ಅತ್ತೆಯವರ ಸೊಂಟದಲ್ಲಿತ್ತು. ನನ್ನ ಗಂಡ ಹುನಗುಂದದಲ್ಲಿ ಸಾಲಿ ಮಾಸ್ತರರು. ಸೋಮವಾರ ಬಸ್ಸು ಹತ್ತಿದರೆ ಶನಿವಾರ ಮನೆ. ವಾರವೆಲ್ಲ ನಾನು ನೆಗೆಣ್ಣಿಯ ಮುಖ ನೋಡಿಕೊಂಡೇ ಇರಬೇಕು. ನೋಡುವಂಥ ಮುಖವೇ ಆಗಿತ್ತು ಅದು, ಅದೇ ನನ್ನ ಮೊದಲನೆಯ ತಕರಾರು.

ಅವಳು ಸಾರಿಗೆ ಉಪ್ಪು ಮರೆತರೆ ಅತ್ತೆಯವರು ತಾವೇ ಎದ್ದು ಹಾಕಿಕೊಳ್ಳುತ್ತಿದ್ದರು. ನಾನು ಮರೆತರೆ ಕೆರೂರಿನಲ್ಲಿ ಉಪ್ಪು ತುಟ್ಟಿಯೇ ಎಂದು ಕೇಳುತ್ತಿದ್ದರು. ಕಾಯಿಪಲ್ಲೆ ಮಾರುವವಳಿಗೆ ಅವಳು ನೋಟು ಕೊಟ್ಟು, ಎಷ್ಟು ಚಿಲ್ಲರೆ ಬಂತೋ ಅಷ್ಟನ್ನು ಎಣಿಸದೆ ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದಳು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಆಣೆ ಪೈ ಲೆಕ್ಕ ನನಗೆ ಬಾಯಲ್ಲೇ ಬರುತ್ತಿತ್ತು. ಆದರೆ ಲೆಕ್ಕ ಗೊತ್ತಿದ್ದವಳಿಗೆ ಎಣಿಸಲು ರೊಕ್ಕವಿರಲಿಲ್ಲ, ರೊಕ್ಕವಿದ್ದವಳು ಎಣಿಸುತ್ತಲೇ ಇರಲಿಲ್ಲ. ಇದನ್ನು ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಮಾವನವರ ಕಾಲದಿಂದ ನಮಗೆ ರೇಶ್ಮೆ ನೂಲು ತಂದುಕೊಡುತ್ತಿದ್ದ ಒಬ್ಬ ದಲಾಲಿ ಸಿಲೋನಿನ ಕೊಲಂಬೋದಲ್ಲಿ ಅಂಗಡಿ ಹಾಕಿದ್ದರು. ಬಂದು ಹತ್ತು ದಿನ ಇದ್ದು ಹೋಗಿರೆಂದು ಭಾವನವರಿಗೆ ಹೇಳುತ್ತಲೇ ಇದ್ದರು. ಊಟ, ವಸತಿ ಅವರ ಮನೆಯಲ್ಲೇ. ಐವತ್ತರ ದಶಕದ ನಡುವೆ ಒಂದು ವರ್ಷ, ಸಂಕ್ರಾಂತಿ ಆದ ಮೇಲೆ ಗಂಡ ಹೆಂಡತಿ ಹೋಗಿಬರುವುದೆಂದು ಗೊತ್ತಾಯಿತು. ವ್ಯಾಪಾರವಲ್ಲ, ಬರೀ ತಿರುಗಾಟ! ನಮ್ಮ ಓಣಿಯಲ್ಲಿ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. ಅತ್ತೆಯವರು ಗಾಡಿ, ಹಡಗು, ಕೈಖರ್ಚು ಎಲ್ಲ ಸೇರಿ ಐದುನೂರು ರೂಪಾಯಿ ತೆಗೆದಿಟ್ಟರು. ಆ ರಾತ್ರಿ ನಾನು ಉಣ್ಣಲಿಲ್ಲ. ತಲೆನೋವು ಎಂದೆ.

ಮಾರನೆಯ ದಿನ ರೊಟ್ಟಿ ಬಡಿಯುತ್ತಿದ್ದಾಗ ನೆಗೆಣ್ಣಿ ಅತ್ತೆಯವರಿಗೆ ಅಂದಳು: “ಅತ್ತಿ, ತಂಗಿನೂ ನಮ್ಮ ಕೂಡ ಬರಲಿ. ನನಗ ಅಲ್ಲಿ ಲೆಕ್ಕಾ ಯಾರು ಹಿಡೀತಾರ?”

ಅತ್ತೆಯವರು ನನ್ನ ಕಡೆ ತಿರುಗಿದರು. “ನೋಡವಾ, ನಾ ಮತ್ತೊಂದು ರೂಪಾಯಿ ತಗಿಯಾಂಗಿಲ್ಲ. ಇಬ್ಬರ ರೊಕ್ಕದಾಗ ಮೂರು ಮಂದಿ ಹೋಗಿ ಬರೂದು ಆಗ್ತೈತಿ ಅಂದ್ರ ನೀನೂ ಹೋಗು. ಲೆಕ್ಕಾ ಹಾಕಿ ಹೇಳು.”

ನನಗೆ ಕುಣಿಯುವಂತಾಯಿತು, ಮೈ ಉರಿದೂ ಹೋಯಿತು. ಸಮುದ್ರ ನೋಡುವ ಅವಕಾಶ ಬಂತು, ಸರಿ. ಆದರೆ ಅದು ಬಂದದ್ದು ಅವಳ ಬಾಯಿಂದ, ಅವಳ ಉಪಕಾರವಾಗಿ. ಶನಿವಾರ ಗಂಡ ಬಂದಾಗ ಹೇಳಿದೆ. ಅವರಿಗೆ ರಜೆ ಸಿಗುವಂತಿರಲಿಲ್ಲ. “ಹೋಗಿ ಬಾ. ಬಂದು ನನಗೂ ಹೇಳೀಯಂತ” ಎಂದು ನಕ್ಕರು.

ಅಂದಿನಿಂದ ನಾನು ಆ ಐದುನೂರನ್ನು ಹಿಂಡತೊಡಗಿದೆ. ಭಾವನವರು ಎರಡನೆಯ ದರ್ಜೆ ಎಂದಿದ್ದರು, ನಾನು ಮೂರನೆಯ ದರ್ಜೆಗೆ ಇಳಿಸಿದೆ. ಬಾಗಲಕೋಟೆಯಿಂದ ಗದಗ, ಗುಂತಕಲ್ಲು, ಮದರಾಸು, ಅಲ್ಲಿಂದ ಧನುಷ್ಕೋಡಿ. ದಾರಿಯುದ್ದಕ್ಕೂ ಹೊರಗೆ ಒಂದು ತುತ್ತನ್ನೂ ಕೊಳ್ಳದಂತೆ ಕಡಕ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಹಾಲಲ್ಲಿ ನಾದಿದ ದಶಮಿ ರೊಟ್ಟಿ, ಹಚ್ಚಿದ ಅವಲಕ್ಕಿ. ಕೂಲಿಯವನನ್ನು ಕರೆಯುವಂತಿಲ್ಲ, ಗಂಟು ನಾವೇ ಹೊರುವುದು. ದಲಾಲಿಯವರ ಹೆಂಡತಿ ಹುನಗುಂದಕ್ಕೆ ಮದುವೆಗೆ ಬಂದವಳು ನಮ್ಮಲ್ಲೂ ಎರಡು ದಿನ ಇದ್ದಳು. ಅವಳನ್ನು ನಾನು ಬಿಡಲಿಲ್ಲ. ಅಲ್ಲಿ ಟ್ರಾಮಿಗೆ ಎಷ್ಟು, ಎಳನೀರಿಗೆ ಎಷ್ಟು, ಚಹಾ ಎಷ್ಟಕ್ಕೆ, ಹಡಗಿನಲ್ಲಿ ಹೆಂಗಸರು ಎಲ್ಲಿ ಕೂಡುತ್ತಾರೆ, ಸಮುದ್ರದ ದಂಡೆಗೆ ನಡೆದು ಹೋಗಬಹುದೋ ಗಾಡಿ ಬೇಕೋ? ಅಲ್ಲಿಯ ರೂಪಾಯಿಯೂ ನಮ್ಮ ರೂಪಾಯಿಯೂ ಆಗ ಸಮವಾಗಿದ್ದವು, ನನ್ನ ಲೆಕ್ಕಕ್ಕೆ ಅದೂ ಅನುಕೂಲವಾಯಿತು. ಪಾಪ, ಆಕೆ ಎಲೆಗೆ ಸುಣ್ಣ ಹಚ್ಚುವುದನ್ನೂ ಮರೆತು ಉತ್ತರ ಹೇಳುತ್ತಿದ್ದಳು. ನೆಗೆಣ್ಣಿ ಮಾತ್ರ ಪಕ್ಕದಲ್ಲೇ ಕೂತು ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿಯ ಹೆಂಗಸರು ಹೆರಳಿಗೆ ಯಾವ ಹೂವು ಮುಡೀತಾರ ಎಂದು.

ಅಂಗಡಿಯಲ್ಲಿ ಮಿಕ್ಕಿದ ಸೀರೆಯ ತುಂಡಿನಿಂದ ನಾನೊಂದು ಚಂಚಿ ಹೊಲಿದೆ. ಎಲೆ ಅಡಿಕೆಯ ಚಂಚಿಯಂತೆಯೇ, ಆದರೆ ಆರು ಜೇಬು. ಗಾಡಿಯದು ಒಂದು, ಹಡಗಿನದು ಒಂದು, ತಿರುಗಾಟದ್ದು, ಚಹಾದ್ದು, ದೇವರದು, ಆಪತ್ತಿನದು. ಒಂದರ ರೊಕ್ಕ ಇನ್ನೊಂದಕ್ಕೆ ಹೋಗಬಾರದೆಂದು ಒಂದೊಂದಕ್ಕೂ ಬೇರೆ ಬಣ್ಣದ ದಾರ ಹಾಕಿದೆ. ಅದನ್ನು ನನ್ನ ಸೊಂಟದ ಅಳತೆಗೇ ಹೊಲಿದಿದ್ದೆ. ನನ್ನ ಸೊಂಟ ಅವಳದಕ್ಕಿಂತ ಸಣ್ಣದು. ಆ ಒಂದು ವಿಷಯದಲ್ಲಿ ನಾನು ಅವಳನ್ನು ಮೀರಿಸಿದ್ದೆ.

ಇಷ್ಟೆಲ್ಲ ಹಿಂಡಿದರೂ ಅರವತ್ತು ರೂಪಾಯಿ ಕಡಿಮೆ ಬಿತ್ತು. ದೇವರ ಜೇಬನ್ನು ಆಪತ್ತಿನ ಜೇಬಿನಲ್ಲಿ ಸೇರಿಸಿ ನೋಡಿದೆ, ಚಹಾ ಬಿಟ್ಟುಬಿಟ್ಟೆ, ಆದರೂ ನನ್ನ ಹಡಗು ದಡ ಬಿಡಲಿಲ್ಲ. ಅಷ್ಟರಲ್ಲಿ ಬಾಗಲಕೋಟೆಗೆ ಹೋಗಿ ಮೂವರೂ ಫೋಟೋ ತೆಗೆಸಿದ್ದೆವು, ಮೂವರ ಪಾಸಪೋರ್ಟುಗಳೂ ಬಂದಿದ್ದವು. ಹಡಗಿಗೆ ಮೊದಲು ಮಂಡಪಂನಲ್ಲಿ ತಪಾಸಣೆಯವರು ಕೇಳುತ್ತಾರೆಂದು ಸಿಡುಬಿನ ಚುಚ್ಚುಮದ್ದನ್ನೂ ಹಾಕಿಸಿಕೊಂಡಿದ್ದೆವು. ಇನ್ನು ಅರವತ್ತು ರೂಪಾಯಿಗಾಗಿ ಹಿಂದೆ ಸರಿಯುವುದೆಂದರೇನು?

ಆಗ ನನಗೆ ಉಡಿಯ ನೆನಪಾಯಿತು. ಮನೆಯ ಹೆಣ್ಣುಮಗಳು ದೂರ ಹೊರಟರೆ ಬೇಕಾದವರು ಕರೆದು ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ ಬಟ್ಟಲು, ಖಣ, ಅದರ ಮೇಲೊಂದು ರೂಪಾಯಿ. ನಾವು ಇಬ್ಬರು ಹೆಂಗಸರು ಹೊರಟಿದ್ದೇವೆ ಎಂದು ಓಣಿಗೆಲ್ಲ ಗೊತ್ತಾದರೆ ಸಾಕಲ್ಲವೇ? ನೀರಿಗೆ ಹೋದಲ್ಲಿ ಹೇಳಿದೆ. ನಮಗೆ ಸೀರೆ ನೇಯ್ದು ಕೊಡುವವರ ಮನೆಗಳಲ್ಲಿ ಹೇಳಿದೆ. ಗಿರಣಿಯಲ್ಲಿ ಹಿಟ್ಟು ಬೀಸಿಸುತ್ತ ನಿಂತಾಗ, ಕೇಳದವರಿಗೂ ಹೇಳಿದೆ.

ಮಂದಿ ಬಂದರು. ಒಂದು ವಾರ ನಮ್ಮ ಪಡಸಾಲೆಯಲ್ಲಿ ಮಣೆ ಎತ್ತಲೇ ಇಲ್ಲ. ನೆಗೆಣ್ಣಿಯನ್ನೂ ನನ್ನನ್ನೂ ಪಕ್ಕ ಪಕ್ಕ ಕೂಡಿಸಿ ಉಡಿ ತುಂಬಿದರು. ಮೂವತ್ತರ ಮೇಲೆ ಮನೆಗಳಾದವು. ಕೆಲವರು ರೂಪಾಯಿ, ಅನುಕೂಲವಿದ್ದವರು ಎರಡು. ದಿನವೂ ಸಂಜೆ ಇಬ್ಬರ ಉಡಿಯ ರೂಪಾಯಿಯನ್ನೂ ಕೂಡಿಸುತ್ತಿದ್ದೆ. ಅರವತ್ತು ದಾಟಿ, ಎಂಬತ್ತು ದಾಟಿ, ನೂರರ ಹತ್ತಿರ ಬಂದಾಗ ಚಹಾದ ಜೇಬನ್ನು ಮತ್ತೆ ತೆರೆದೆ. ಅವಳಿಗೆ ಹೋಗಿ ಹೇಳಿದೆ, “ಅಕ್ಕಾ, ನಾ ಬರೂದು ಖರೆ ಆತು.” ಅವಳು ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದು ಅಲುಗಾಡಿಸಿದಳು.

ಹೊರಡಲು ನಾಲ್ಕು ದಿನವಿದ್ದಾಗ ಅತ್ತೆಯವರು ನನ್ನನ್ನು ಕೂಡಿಸಿಕೊಂಡು ಲೆಕ್ಕ ಕೇಳಿದರು. ಹೆಮ್ಮೆಯಿಂದಲೇ ಒಪ್ಪಿಸಿದೆ. ಉಡಿಯ ರೊಕ್ಕದ ಮಾತು ಬಂದ ಕೂಡಲೇ ಅವರು ಎಲೆ ಅಗಿಯುವುದನ್ನು ನಿಲ್ಲಿಸಿದರು.

“ಅದ್ಯಾಕ ಇದರಾಗ ಹಿಡಿದಿ?”

“ಬಂದ ರೊಕ್ಕ ಅಲ್ಲೇನ್ರಿ, ಅತ್ತಿ?”

“ಬಂದದ್ದಲ್ಲವಾ, ಅದು ಮುಯ್ಯಿ! ಯಾರ್ಯಾರು ಉಡಿ ತುಂಬ್ಯಾರ ಅವರ ಮನಿಗೆಲ್ಲಾ ಆ ಊರಿನ ಸಾಮಾನು ತಂದು ಮುಟ್ಟಿಸಬೇಕು. ಒಂದು ರೂಪಾಯಿ ಬಂದಲ್ಲಿ ಒಂದೂವರಿ ಹೋಗಬೇಕು. ಈ ಮನಿಯಿಂದ ಕಡಿಮಿ ಹೋದದ್ದು ಇಲ್ಲ.”

ಮುಯ್ಯಿ ನನಗೆ ಗೊತ್ತಿಲ್ಲದ್ದೇನಲ್ಲ. ಮದುವೆ, ಬಸುರಿಯ ಕುಬಸಗಳಲ್ಲಿ ಬಂದದ್ದನ್ನು ಮೇಲಿಷ್ಟು ಸೇರಿಸಿ ತಿರುಗಿಸುವುದನ್ನು ತವರಿನಲ್ಲಿ ನೋಡಿದ್ದೆ. ಆದರೆ ತಿರುಗಾಟಕ್ಕೂ ಮುಯ್ಯಿ ಇರುತ್ತದೆಂದು ನನಗೆ ಹೊಳೆಯುವುದಾದರೂ ಹೇಗೆ? ನನ್ನ ತವರಿನ ಹೆಂಗಸರು ಬಾದಾಮಿ ದಾಟಿ ಹೋದವರೇ ಅಲ್ಲ. ಅಲ್ಲಿಂದ ಮಂದಿಗೆ ತಂದು ಕೊಡುವುದೆಂದರೆ ಬನಶಂಕರಿಯ ಕುಂಕುಮ, ಅಷ್ಟೇ.

ಕೂತಲ್ಲೇ ಲೆಕ್ಕ ಹಾಕಿದೆ. ಮೂವತ್ತು ಚಿಲ್ಲರೆ ಮನೆ, ಮನೆಗೆ ಎರಡು ಉಡಿ. ಬಂದ ನೂರೂ ಹೋಗಬೇಕು, ಮೇಲೆ ಐವತ್ತು ಐದುನೂರರೊಳಗಿಂದ ಹೋಗಬೇಕು. ನಾನು ಹೆಚ್ಚು ಮಂದಿಗೆ ಹೇಳಿದಷ್ಟೂ ನನ್ನ ಟಿಕೀಟು ಹರಿಯುತ್ತ ಬಂದಿತ್ತು. ನನ್ನ ಉಡಿಯಲ್ಲಿ ಬಿದ್ದ ರೂಪಾಯಿಗೂ, ನಾನು ಹೋಗದಿದ್ದರೂ, ಮುಯ್ಯಿ ಹೋಗಲೇಬೇಕಿತ್ತು.

“ಹಂಗಾರ ಮೂರು ಮಂದಿ ಆಗೂದಿಲ್ಲಲ್ಲ” ಎಂದರು ಅತ್ತೆಯವರು. ಸಿಟ್ಟಿನಿಂದಲ್ಲ. ಮಳೆ ಬರುವಂತಿಲ್ಲ ಎಂದು ಹೇಳಿದಂತೆ ಹೇಳಿದರು. ನೆಗೆಣ್ಣಿ ಅತ್ತಳು, ತಾನೂ ಹೋಗುವುದಿಲ್ಲ ಎಂದಳು. ಅವಳಿಗೆ ಅಳುವುದೂ ಚೆಂದವಾಗಿ ಬರುತ್ತಿತ್ತು. ನಾನು ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಚಂಚಿಯನ್ನು ನಾನೇ ಅವಳ ಸೊಂಟಕ್ಕೆ ಕಟ್ಟಿದೆ. ಅಳತೆ ಸಾಲದೆ ಲಾಡಿಯ ತುಂಡೊಂದನ್ನು ಜೋಡಿಸಬೇಕಾಯಿತು. ಕೆಂಪು ದಾರ ಗಾಡಿಯದು, ಹಸಿರು ಹಡಗಿನದು ಎಂದು ಎರಡು ಸಲ ಹೇಳಿದೆ. ಅವಳು ಹೂಂ ಹೂಂ ಎಂದಳು, ಏನೂ ತಲೆಗೆ ಹೋಗಲಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಬಸ್ಸು ಹೋಯಿತು. ಚುಚ್ಚಿಸಿಕೊಂಡು ತೋಳು ಬಾತದ್ದು ನನಗೂ, ನಮ್ಮಿಬ್ಬರಲ್ಲಿ ಹಡಗು ಹತ್ತುವವಳು ಅವಳೊಬ್ಬಳೇ.

ಅವರಿಲ್ಲದ ದಿನಗಳಲ್ಲಿ ನಾನು ಮನೆಗೆಲಸ ಮಾಡುತ್ತಲೇ ಅವರ ಜೊತೆ ಹೋಗುತ್ತಿದ್ದೆ. ಈಗ ಗುಂತಕಲ್ಲು, ಈಗ ಮದರಾಸು. ಈಗ ಅವಳು ದಶಮಿಯ ಗಂಟು ಬಿಚ್ಚಿರಬೇಕು, ಈಗ ಹಡಗು. ಹೊಟ್ಟೆ ತೊಳಸಲಿ, ಎಂದುಕೊಂಡೆ. ಒಂದು ಸಲವಲ್ಲ, ದಿನವೂ ಅಂದುಕೊಂಡೆ. ಒಲೆಯ ಮುಂದೆ ಕೂತವಳಿಗೆ ಅಷ್ಟಾದರೂ ಬೇಡವೇ?

ಅವರು ಮರಳಿದರು. ಪೆಟಾರಿ ತುಂಬ ಮಂದಿಯ ಸಾಮಾನು: ದಾಲ್ಚಿನ್ನಿ, ಜಾಯಿಕಾಯಿ, ಚಹಾದ ಪುಡಿ, ಆಮೆಚಿಪ್ಪಿನ ಹಣಿಗೆ. ಮನೆಮನೆಗೆ ನಾನೇ ಮುಟ್ಟಿಸಿ ಬಂದೆ. ಪೆಟಾರಿ ಬರಿದಾಯಿತು, ನನಗೆಂದು ಏನೂ ಇರಲಿಲ್ಲ. ನೆಗೆಣ್ಣಿ ಸಂಕೋಚದಿಂದ ಮುಖ ಕೆಂಪಾಗಿ ಹೇಳಿದಳು: “ತಂಗಿ, ನಿನಗೊಂದು ತರಬೇಕಂತ ಭಾಳ ಇತ್ತು. ಹತ್ತು ದಿನದಾಗ ಆರು ದಿನ ಇದನ್ನ ಕೊಳ್ಳೂದರಾಗ ಹೋತು. ರೊಕ್ಕ ಅಲ್ಲಿಗಲ್ಲಿಗೆ ಆತು.” ಸರಿಯಾಗಿಯೇ ಇತ್ತು. ಲೆಕ್ಕ ನನ್ನದೇ, ಇಬ್ಬರೇ ಆದ ಮೇಲೆ ಭಾವನವರ ಎರಡನೆಯ ದರ್ಜೆಯನ್ನೇ ಮರಳಿ ಹಿಡಿದಿದ್ದೆ. ಹಡಗಿನಲ್ಲಿ ಕೂತಿರಬೇಕಾದ ನನಗೇ ಒಂದು ಸಾಮಾನು ತರಬೇಕಾದೀತೆಂದು ಆ ಲೆಕ್ಕದಲ್ಲಿ ನಾನು ಹಿಡಿದಿರಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ಮಧ್ಯಾಹ್ನವಾದರೆ ಓಣಿಯ ಹೆಂಗಸರು ನಮ್ಮ ಪಡಸಾಲೆಗೆ ಸಿಲೋನಿನ ಸುದ್ದಿ ಕೇಳಲು ಬರತೊಡಗಿದರು. ನೆಗೆಣ್ಣಿಗೆ ಹೇಳಲು ಬರುತ್ತಿರಲಿಲ್ಲ. “ಭಾಳ ಛಲೋ ಐತಿ” ಎಂದು ಮುಗಿಸಿಬಿಡುತ್ತಿದ್ದಳು. ಟ್ರಾಮು ಎಲ್ಲಿಂದ ಎಲ್ಲಿಗೆ ಎಂದರೆ ನನ್ನ ಮುಖ ನೋಡುತ್ತಿದ್ದಳು. ಗೋದಿ ಆರಿಸುತ್ತಿದ್ದ ನಾನು ತಲೆ ಎತ್ತದೆ ಹೇಳುತ್ತಿದ್ದೆ. ಎಳನೀರಿನ ಬೆಲೆ, ಹೆಂಗಸರು ಕೂಡುವ ಜಾಗ, ದಂಡೆಯ ದಾರಿ. ಬರಬರುತ್ತ ಮಂದಿ ಅವಳನ್ನು ಬಿಟ್ಟು ನನ್ನ ಕಡೆಯೇ ತಿರುಗಿ ಕೂಡತೊಡಗಿದರು. ಆಗ ನನಗೆ ಎಷ್ಟು ಹಿತವಾಗುತ್ತಿತ್ತೆಂದರೆ, ಬೇಕೆಂದೇ ಗೋದಿಯನ್ನು ನಿಧಾನವಾಗಿ ಆರಿಸುತ್ತಿದ್ದೆ.

ಒಂದು ಮಧ್ಯಾಹ್ನ ನೆರೆಮನೆಗೆ ಮರೋಳದಿಂದ ಬಂದಿದ್ದ ಬೀಗತಿಯೊಬ್ಬಳು ಕೂತಿದ್ದಳು. ನಮ್ಮ ಮನೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ನನ್ನ ಮಾತನ್ನೆಲ್ಲ ಬಾಯಿ ತೆರೆದು ಕೇಳಿ, “ಹಡಗಿನ್ಯಾಗ ನಿಮಗ ಹೊಟ್ಟಿ ತೊಳಸಲಿಲ್ಲೇನ್ರಿ?” ಎಂದು ನನ್ನನ್ನೇ ಕೇಳಿದಳು.

ಓಣಿಯವರಿಗೆಲ್ಲ ಗೊತ್ತಿತ್ತು. ಒಬ್ಬಳ ತುಟಿಯ ಮೇಲೆ ನಗು ಬರುತ್ತಿದ್ದುದನ್ನು ಕಂಡೆ. ನನ್ನ ಕಿವಿ ಬಿಸಿಯಾದವು. ಇಲ್ಲ, ನಾನು ಹೋಗಿಲ್ಲ ಎಂದರೆ ಮುಗಿಯುತ್ತಿತ್ತು, ನಾನು ಗೋದಿಯಲ್ಲಿ ಕಲ್ಲು ಹುಡುಕತೊಡಗಿದೆ.

ಅಷ್ಟರಲ್ಲಿ ನೆಗೆಣ್ಣಿ ಅಂದಳು: “ಅಯ್ಯ, ಆಕಿಗೇನೂ ಆಗಲಿಲ್ಲ ಬಿಡ್ರಿ. ಕಕ್ಕೊಂಡಾಕಿ ನಾ. ಹಡಗಿನ ದಾರಿ ಪೂರಾ ಆಕಿ ತೊಡಿ ಮ್ಯಾಲ ತಲಿ ಇಟ್ಟು ಮಲಗಿದ್ದೆ. ಸಮುದ್ರ ನೋಡಿದಾಕಿ ಆಕಿನ. ಆಕಿನ್ನ ಕೇಳ್ರಿ.”

ಅಷ್ಟು ಸರಾಗವಾಗಿ ಹೇಳಿ, ಗೋದಿಯ ಮೊರವನ್ನು ನನ್ನ ಮುಂದಿನಿಂದ ತನ್ನ ಕಡೆಗೆ ಎಳೆದುಕೊಂಡು ತಾನು ಆರಿಸತೊಡಗಿದಳು. ತನ್ನ ಸಮುದ್ರವನ್ನೇ ತೆಗೆದು ಕೊಟ್ಟಿದ್ದಳು, ಕಾಯಿಪಲ್ಲೆಯವಳಿಗೆ ನೋಟು ಕೊಟ್ಟಷ್ಟೇ ಸಲೀಸಾಗಿ, ಎಣಿಸದೆ. ಅವಳ ರೂಪ, ತವರು, ಸಿಲೋನು ಯಾವುದಕ್ಕೂ ನನ್ನ ಹೊಟ್ಟೆ ಅಷ್ಟು ಉರಿದಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಒಂದು ಹನಿಯನ್ನೂ ಕೊಡುತ್ತಿರಲಿಲ್ಲ.

ಬೀಗತಿ ನನ್ನ ಕಡೆ ಸರಿದು ಕೂತಳು. “ಹ್ಯಾಂಗಿತ್ರಿ ಸಮುದ್ರ?” ಎಂದಳು. ನಾನು ಹೇಳಿದೆ. ಬಹಳ ಹೊತ್ತು ಹೇಳಿದೆ.