ಕಮಿಷನರಿಗೆ ಮೀಸೆ ಬೇಕೆ?

ನಿನ್ನೆ ಸಂಜೆ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ಸೇಲಂನಲ್ಲಿ ಸರ್ಕಾರಿ ಪರೀಕ್ಷೆಗಳಿಗೆ ತಯಾರು ಮಾಡುವ ಒಂದು ಪುಟ್ಟ ಟ್ಯುಟೋರಿಯಲ್ಲಿನಲ್ಲಿ ಆಡಳಿತಶಾಸ್ತ್ರ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ಐದನೆಯ ಪ್ರಶ್ನೆ: ನಗರ ಪೊಲೀಸ್ ಕಮಿಷನರ ಪಾತ್ರವೇನು, ಅರ್ಹತೆಗಳೇನು? ಎಲ್ಲರೂ ಒಂದೇ ಉತ್ತರ ಬರೆದಿದ್ದರು, ಯಾಕೆಂದರೆ ಬರೆಸಿದವನು ನಾನೇ. ಪದವಿ ಇರಬೇಕು, ದೊಡ್ಡ ಪರೀಕ್ಷೆ ಪಾಸಾಗಿರಬೇಕು, ಇಷ್ಟು ಎತ್ತರವಿರಬೇಕು, ಇಷ್ಟು ವರ್ಷ ಸೇವೆಯಾಗಿರಬೇಕು. ಶಾಂತಿಪಾಲನೆ, ಸಂಚಾರ ನಿಯಂತ್ರಣ, ಮೆರವಣಿಗೆಗೆ ಅನುಮತಿ ಇತ್ಯಾದಿ. ಕಣ್ಣುಮುಚ್ಚಿ ಟಿಕ್ ಹಾಕುತ್ತಿದ್ದಾಗ ಪಕ್ಕದ ಮನೆಯಿಂದ ಅಕ್ಕಿಗಂಜಿ ಕುದಿಯುವ ವಾಸನೆ ಬಂತು. ನಾಳೆ ಬೀದಿಯಲ್ಲಿ ಪಾವು ಎಳೆಯುತ್ತಾರೆ ಎಂದು ಅರ್ಥ. ಪೆನ್ನು ಕೆಳಗಿಟ್ಟೆ. ಈ ಐದನೆಯ ಪ್ರಶ್ನೆಗೆ ನಮ್ಮ ದೊಡ್ಡಮ್ಮ ಇಪ್ಪತ್ತು ವರ್ಷದ ಹಿಂದೆಯೇ ಉತ್ತರ ಕೊಟ್ಟಿದ್ದಳು, ಅದೂ ಕಮಿಷನರ ಎದುರಿಗೇ ನಿಂತು.

ಪಾವು ಎಂದರೆ ಏನೆಂದು ನಿಮಗೆ ಹೇಳಬೇಕು. ನಾವು ಕನ್ನಡ ಮಾತಾಡುವ ನೇಕಾರರು. ಸೇಲಂಗೆ ಎಷ್ಟು ತಲೆಮಾರಿನ ಹಿಂದೆ ಬಂದೆವೋ ಯಾರಿಗೂ ನೆನಪಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಪಾವು ಎನ್ನುತ್ತೇವೆ. ಬೆಳಗಾಗುತ್ತಲೇ ಅದನ್ನು ಬೀದಿಯುದ್ದಕ್ಕೂ ಕವೆಗೋಲುಗಳ ಮೇಲೆ ಬಿಗಿದು, ಗಂಜಿ ಹಚ್ಚಿ, ಎರಡೂ ಕಡೆ ಜನ ನಿಂತು ಉದ್ದನೆಯ ಕುಂಚದಿಂದ ಬಾಚಿ ಬಾಚಿ ಒಣಗಿಸಬೇಕು. ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಎಳೆಗೆ ಎಳೆ ಅಂಟಿಕೊಂಡು ಇಡೀ ಪಾವು ಹಾಳು. ಅಷ್ಟು ಹೊತ್ತು ಬೀದಿಯಲ್ಲಿ ಒಂದು ಆಡು ಕೂಡ ಅಡ್ಡ ಹಾಯಬಾರದು.

ಈ ಕೆಲಸಕ್ಕೆಲ್ಲ ಮೇಸ್ತ್ರಿ ದೊಡ್ಡಮ್ಮ, ನನ್ನ ಅಪ್ಪನ ಅಣ್ಣನ ಹೆಂಡತಿ. ತವರು ಪೆನ್ನಾಗರಂ. ಅಲ್ಲಿಯ ಬಿಸಿಲೆಲ್ಲ ಅವಳ ನಾಲಿಗೆಯಲ್ಲೇ ಇದೆ ಎಂದು ದೊಡ್ಡಪ್ಪ ಹೇಳುತ್ತಿದ್ದರು, ಅವಳು ದೂರವಿದ್ದಾಗ. ಆ ವರ್ಷ ಪಕ್ಕದ ದೊಡ್ಡ ರಸ್ತೆಯನ್ನು ಅಗೆದುಬಿಟ್ಟರು. ಊರಿನ ಬೈಕು ಆಟೋಗಳೆಲ್ಲ ನಮ್ಮ ಬೀದಿಗೆ ನುಗ್ಗಿದವು. ಹಿಂದೆಯೇ ಠಾಣೆಯಿಂದ ಒಬ್ಬರು ಬಂದು, ಇನ್ನು ಮುಂದೆ ಬೀದಿಯಲ್ಲಿ ಪಾವು ಎಳೆಯಕೂಡದು ಎಂದು ಹೇಳಿಹೋದರು. ಪಾವಿಲ್ಲದೆ ಮಗ್ಗಗಳು ಒಂದೊಂದಾಗಿ ನಿಂತವು. ದಿನವಿಡೀ ಲಟಕ್ ಲಟಕ್ ಎನ್ನುತ್ತಿದ್ದ ಬೀದಿ ಗಪ್‌ಚಿಪ್ಪಾಯಿತು. ದೊಡ್ಡಮ್ಮನಿಗೆ ಊಟವೇ ಸೇರದಾಯಿತು. ಅವಳು ಬೈಯುವುದನ್ನೂ ಕಡಿಮೆ ಮಾಡಿದಾಗ ನಮಗೆಲ್ಲ ನಿಜವಾಗಿ ಹೆದರಿಕೆಯಾಯಿತು.

ಕಮಿಷನರನ್ನೇ ನೋಡುವುದೆಂದು ತೀರ್ಮಾನವಾಯಿತು. ನಾನು ಆಗಷ್ಟೇ ಆಡಳಿತಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೆ. ಬೀದಿಗೆ ಒಬ್ಬನೇ ಎಂ.ಎ.; ನನ್ನ ನಡಿಗೆಯೇ ಬೇರೆಯಾಗಿತ್ತು. ನಾಲ್ಕು ಪುಟದ ಮನವಿ ಬರೆದೆ. ಕಮಿಷನರ ಅಧಿಕಾರ ಎಲ್ಲಿಂದ ಎಲ್ಲಿಯವರೆಗೆ, ಯಾವ ಕಾಯಿದೆಯಲ್ಲಿ ಏನಿದೆ, ಎಲ್ಲವನ್ನೂ ಕಮಿಷನರಿಗೇ ತಿಳಿಸಿಕೊಟ್ಟೆ. ಇನ್ನೊಂದು ಒಪ್ಪಂದವೂ ಆಯಿತು. ದೊಡ್ಡಮ್ಮನ ತಮಿಳು ನನ್ನದಕ್ಕಿಂತ ಚೆನ್ನಾಗಿತ್ತು, ಅದೇ ತೊಂದರೆ. ಎರಡನೆಯ ವಾಕ್ಯಕ್ಕೆಲ್ಲ ಬೈಗುಳಕ್ಕೆ ಇಳಿಯುತ್ತಿತ್ತು. ಆದ್ದರಿಂದ ಆಫೀಸಿನಲ್ಲಿ ಅವಳು ಕನ್ನಡದಲ್ಲಿ ನನಗೆ ಮಾತ್ರ ಹೇಳಬೇಕು, ನಾನು ಅದನ್ನು ಮರ್ಯಾದೆಯ ತಮಿಳಿಗೆ ತಿರುಗಿಸಬೇಕು. ನಮ್ಮವರು ಹೀಗೆ ಮಾಡುವುದು ಹೊಸದೇನಲ್ಲ. ಡಾಕ್ಟರ ಮುಂದೆ, ಬ್ಯಾಂಕಿನವರ ಮುಂದೆ, ಹೊರಗಿನವರ ಎದುರಿಗೇ ಅವರ ಬಗ್ಗೆ ಕನ್ನಡದಲ್ಲಿ ಮಾತಾಡಿಕೊಂಡು, ಅವರತ್ತ ತಿರುಗಿ ತಮಿಳಿನಲ್ಲಿ ನಗುವುದು ನಮಗೆ ಹುಟ್ಟಿನಿಂದಲೇ ಬಂದ ವಿದ್ಯೆ.

ಕಮಿಷನರು ಜನರಿಂದ ಮನವಿ ತೆಗೆದುಕೊಳ್ಳುವ ದಿನ ನಾನೂ ದೊಡ್ಡಮ್ಮನೂ ಹೋದೆವು. ದೊಡ್ಡಮ್ಮನ ಮನಸ್ಸಿನಲ್ಲಿ ಕಮಿಷನರ ಚಿತ್ರ ಸಿದ್ಧವಿತ್ತು: ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಬೀದಿಗುಡಿಯ ಕಾವಲುದೇವರ ಮೀಸೆ. ಒಳಗೆ ಕೂತಿದ್ದವರು ಸಣ್ಣ ಆಳು, ಕನ್ನಡಕ ಹಾಕಿದ್ದರು, ಮುಖ ನುಣ್ಣಗೆ ಬೋಳಿಸಿತ್ತು. ದೊಡ್ಡಮ್ಮ ನನ್ನ ಕಡೆ ತಿರುಗಿದಳು.

"ಇವ್ನೇನ್ಲಾ ಕಮಿಷನರು? ಮೀಸೇನೇ ಇಲ್ವಲ್ಲಾ. ಒಂದ್ ಗಾಳಿ ಬೀಸುದ್ರೆ ಆರೋಯ್ತಾನೆ."

ಕಮಿಷನರು ತಮಿಳಿನಲ್ಲಿ, ಅಮ್ಮ ಏನು ಹೇಳುತ್ತಿದ್ದಾರೆ ಎಂದು ಕೇಳಿದರು.

"ನಿಮ್ಮನ್ನು ನೋಡಿದ್ದು ತಮ್ಮ ಪುಣ್ಯ ಅನ್ನುತ್ತಿದ್ದಾರೆ ಅಯ್ಯಾ" ಎಂದೆ, ಒಳ್ಳೆಯ ತಮಿಳಿನಲ್ಲಿ.

"ಓದ್ಬುಟ್ರೆ ಸಾಕಾ? ಊರ್ ಕಾಯೋನು ಬೀದೀಲಿ ಓಯ್ತಾ ಓಯ್ತಾ ಯಾವ್ ಮನೇಲಿ ಮಗ್ಗ ನಿಂತೈತೆ ಅಂತ ಕೇಳಿಸ್ಕೋಬೇಕು. ಮಗ್ಗ ನಿಂತೈತೆ ಅಂದ್ರೆ ಆ ಮನೇಲಿ ಏನೋ ಆಗೈತೆ. ಇವನ್ ಕಿವಿ ಏನ್ ಮಾಡ್ತಾ ಐತೆ ಕೇಳ್ಲಾ!"

"ನಿಮ್ಮ ಆಡಳಿತದಲ್ಲಿ ನೇಕಾರರು ನೆಮ್ಮದಿಯಾಗಿದ್ದೇವೆ ಅನ್ನುತ್ತಾರೆ" ಎಂದು ತಿರುಗಿಸಿದೆ. ನನ್ನ ಜಾಣತನಕ್ಕೆ ನಾನೇ ಬೆರಗಾಗಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಕಮಿಷನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, ಅರಸೀಕೆರೆಯ ಕಡೆಯ ಅಚ್ಚ ಕನ್ನಡದಲ್ಲಿ ಹೇಳಿದರು: "ಅಮ್ಮಾ, ಮೀಸೆ ವಿಚಾರ ಆಮೇಲೆ ನೋಡೋಣ. ಮಗ್ಗ ಯಾಕೆ ನಿಂತಿದೆ ಅಂತ ಮೊದಲು ಹೇಳಿ."

ನಾನು ನೆಲ ನೋಡಿದೆ. ಆ ಕೋಣೆಯ ನೆಲಕ್ಕೆ ಕೆಂಪು ಗಾರೆ ಹಾಕಿತ್ತು, ಒಂದು ಕಡೆ ಬಿರುಕು ಬಿಟ್ಟಿತ್ತು. ಆ ಬಿರುಕನ್ನು ಇವತ್ತಿಗೂ ಬರೆದು ತೋರಿಸಬಲ್ಲೆ. ದೊಡ್ಡಮ್ಮನಿಗೆ ಮಾತ್ರ ಒಂದಿಷ್ಟೂ ನಾಚಿಕೆಯಾಗಲಿಲ್ಲ.

"ಅಯ್ಯೋ, ನಮ್ ಮಾತೇ ಆಡ್ತೀಯಲ್ಲಪ್ಪಾ! ಮೊದ್ಲೇ ಏಳ್ಬಾರ್ದಾಗಿತ್ತಾ? ಈ ಎಮ್ಮೇನ ಯಾಕ್ ಕರ್ಕೊಂಡ್ ಬರ್ತಿದ್ದೆ!" ಎಂದು ಕೇಳದೆಯೇ ಕುರ್ಚಿ ಎಳೆದುಕೊಂಡು ಕೂತು, ಗಂಜಿ ಕಾಯಿಸುವುದರಿಂದ ಹಿಡಿದು ಪೂರ್ತಿ ಕತೆ ಹೇಳಿದಳು. ಅವರು ಕೇಳಿದರು. ಹೊರಗೆ ಸಾಲು ಬೆಳೆಯುತ್ತಿತ್ತು, ಆದರೂ ಕೇಳಿದರು. ಕೊನೆಗೆ ನನ್ನ ಮನವಿಯನ್ನು ಕೈಗೆತ್ತಿಕೊಂಡು ಒಂದೊಂದೇ ಹಾಳೆ ತಿರುವಿದರು.

"ನನಗೆ ಏನೇನು ಅಧಿಕಾರ ಇದೆ ಅಂತ ನಾಲ್ಕು ಪುಟ ಬರೆದಿದ್ದೀರಿ. ಇವರ ಕಷ್ಟ ಎಲ್ಲಿದೆ?"

ಅದು ನಾಲ್ಕನೆಯ ಪುಟದ ಕೊನೆಯಲ್ಲಿ ಒಂದೂವರೆ ಸಾಲು ಇತ್ತು. ತೋರಿಸಿದೆ. ಅವರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

"ಅವರು ಹೇಳಿದ್ದೇ ಒಂದು, ನೀವು ನನಗೆ ಹೇಳಿದ್ದೇ ಒಂದು. ನೀವು ಹೇಳಿದ್ದನ್ನು ನಂಬಿದ್ದರೆ ನೆಮ್ಮದಿಯಾಗಿರಿ ಅಂತ ವಾಪಸ್ ಕಳಿಸ್ತಿದ್ದೆ" ಎಂದರು. ಆಮೇಲೆ ಠಾಣೆಗೆ ಫೋನು ಮಾಡಿ, ಬೆಳಿಗ್ಗೆ ಎಂಟರವರೆಗೆ ಆ ಬೀದಿಯಲ್ಲಿ ಪಾವು ಎಳೆಯಲಿ, ತೊಂದರೆ ಕೊಡಬೇಡಿ ಎಂದರು. ಗಾಡಿಗಳನ್ನು ತಡೆಯಲು ಕಳಿಸುವಷ್ಟು ಪೊಲೀಸರು ತಮ್ಮಲ್ಲಿಲ್ಲ, ಬೀದಿಯ ಬಾಯಲ್ಲಿ ಈ ಎಂ.ಎ. ನಿಲ್ಲಲಿ ಎಂದೂ ಸೇರಿಸಿದರು.

ಹಾಗೆ ನಾನು ಕೆಂಪು ಟವೆಲು ಹಿಡಿದು ಬೀದಿಯ ತುದಿಯಲ್ಲಿ ನಿಂತೆ. ಬೀದಿಯವರು ನನ್ನನ್ನು ಕಮಿಷನರ್ ಎಂದು ಕರೆಯತೊಡಗಿದರು. ಈಗ ನನ್ನ ನಿಜವಾದ ಹೆಸರು ಹೇಳಿದರೆ ಅಂಚೆಯವನಿಗೂ ಗುರುತು ಸಿಗುವುದಿಲ್ಲ. ಮೊದಲ ತಿಂಗಳು ನನ್ನ ದರ್ಬಾರು ನೀವು ನೋಡಬೇಕಿತ್ತು. ಹಾಲಿನವನು, ಶಾಲೆಯ ವ್ಯಾನು, ನಮ್ಮ ಚಿಕ್ಕಪ್ಪ, ಯಾರಿಗೂ ರಿಯಾಯಿತಿಯಿಲ್ಲ. ಒಂದು ಬೆಳಿಗ್ಗೆ ಒಂದು ಆಟೋ ಬಂತು. ಒಳಗೆ ಹೆರಿಗೆ ನೋವಿನ ಹೆಂಗಸು. ದೊಡ್ಡ ರಸ್ತೆ ಇನ್ನೂ ಅಗೆದೇ ಇತ್ತು, ಸುತ್ತಿ ಹೋಗಲು ಹೊತ್ತು ಹಿಡಿಯುತ್ತಿತ್ತು. ಗಂಜಿ ಹಚ್ಚಿ ಇನ್ನೂ ಹತ್ತು ನಿಮಿಷವೂ ಆಗಿರಲಿಲ್ಲ. ನಾನು ಟವೆಲು ಎತ್ತಿಕೊಂಡು, ಎಂಟು ಗಂಟೆ, ಕಮಿಷನರ ಅಪ್ಪಣೆ ಎಂದು ತೊದಲುತ್ತಿದ್ದೆ. ದೊಡ್ಡಮ್ಮ ಪಾವಿನ ಬಳಿಯಿಂದಲೇ ಕೂಗಿದಳು.

"ಬಿಚ್ರಲಾ ಪಾವ್ನಾ! ಇದು ನಾಳಿಕಾದ್ರೂ ಆಯ್ತೈತೆ, ಅದು ನಾಳಿಕ್ ನಿಲ್ತದಾ?"

ಹದಿನೈದು ಜನ ಪಾವನ್ನು ಗೋಡೆಯ ಬದಿಗೆ ಸರಿಸಿದರು. ಆಟೋ ಹೋಯಿತು. ಪಾವು ಹಗ್ಗದ ಹಾಗೆ ಗಂಟುಕಟ್ಟಿತು, ಅದನ್ನು ಬಿಡಿಸಲು ದೊಡ್ಡಮ್ಮ ಎರಡು ದಿನ ಕೂತಳು, ಎರಡು ದಿನವೂ ನನ್ನನ್ನೇ ಬೈದಳು. ಗಂಡು ಮಗು ಹುಟ್ಟಿತಂತೆ. ಎಂ.ಎ.ಯಲ್ಲಿ ಕಲಿಯದಿದ್ದುದನ್ನು ಅವತ್ತು ಕಲಿತೆ, ಆದರೂ ನನ್ನ ವಿದ್ಯಾರ್ಥಿಗಳಿಗೆ ಅದನ್ನು ಬರೆಸುವ ಧೈರ್ಯ ಬಂದಿಲ್ಲ. ಬರೆದರೆ ಅಂಕ ಬರುವುದಿಲ್ಲ.

ಈಗ ಪಾವು ಎಳೆಯುವುದು ವಾರಕ್ಕೊಮ್ಮೆ. ಗಿರಣಿಯಲ್ಲೇ ಗಂಜಿ ಕುಡಿದುಬಂದ ಪಾವೇ ಹೆಚ್ಚು. ದೊಡ್ಡಮ್ಮ ಪಾವಿನ ತುದಿಯಲ್ಲಿ ಸ್ಟೂಲಿನ ಮೇಲೆ ಕೂತು ಬೈಯುತ್ತಾಳೆ. ಒಂದು ಅಳುಕು ಮಾತ್ರ ಉಳಿದಿದೆ: ಆ ಕಮಿಷನರು ಬಾಯಿಮಾತಿನಲ್ಲಿ ಹೇಳಿದರೇ ಹೊರತು ಕಾಗದ ಕೊಡಲಿಲ್ಲ. ಹೊಸ ಕಮಿಷನರು ಬಂದಾಗಲೆಲ್ಲ, ಟವೆಲು ಹಿಡಿದು ನಿಂತಲ್ಲೇ, ಜೀಪು ಬರುತ್ತದೆಯೇ ಎಂದು ನೋಡುತ್ತಿರುತ್ತೇನೆ.

ಇವತ್ತು ಬೆಳಿಗ್ಗೆ ಬಾಚುವ ಕೆಲಸ ಅರ್ಧವಾಗಿತ್ತು. ಪೊಲೀಸ್ ಜೀಪೊಂದು ಬೀದಿಗೆ ತಿರುಗಿತು. ನಾನು ಟವೆಲು ಎತ್ತಿದೆ. ಜೀಪು ನಿಂತಿತು. ಇಳಿದವರು ಹೋದ ವಾರ ಅಧಿಕಾರ ವಹಿಸಿಕೊಂಡ ಕಮಿಷನರು, ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಣ್ಣುಮಗಳು. ಉತ್ತರದ ಕಡೆಯವರ ಎಚ್ಚರಿಕೆಯ ತಮಿಳಿನಲ್ಲಿ ಕೇಳಿದರು: ಬೀದಿ ತಡೆಯಲು ಅನುಮತಿ ಇದೆಯೆ, ಕಾಗದ ತೋರಿಸಿ.

ಇಪ್ಪತ್ತು ವರ್ಷದ ಹಿಂದಿನ ಬಾಯಿಮಾತನ್ನು ಹೇಗೆ ತೋರಿಸುವುದು? ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಯಾರ್ಲಾ ಅದು?"

"ಹೊಸ ಕಮಿಷನರು, ದೊಡ್ಡಮ್ಮ."

"ಸುಮ್ಕೆ ನಿಂತವ್ಳಲ್ಲಾ, ಕೈ ಖಾಲಿ ಐತಾ ಕೇಳು! ಈ ತುದೀಲಿ ಒಂದ್ ಆಳ್ ಕಮ್ಮಿ ಐತೆ. ಪಾವು ಅಂಟ್ಕೋತೈತೆ, ಬಂದು ಇಡ್ಕಳಕ್ ಏಳು!"

ಅಮ್ಮ ಏನು ಹೇಳುತ್ತಿದ್ದಾರೆ ಎಂದು ಅವರು ಕೇಳಿದರು.

ತಮ್ಮ ದರ್ಶನದಿಂದ ಬೀದಿ ಪಾವನವಾಯಿತು ಎಂಬ ಚೆಂದದ ತಮಿಳು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. "ಸುಮ್ಮನೆ ನಿಂತಿದ್ದೀರಲ್ಲ, ಕೈ ಖಾಲಿ ಇದೆಯೇ ಅನ್ನುತ್ತಾರೆ. ಆ ತುದಿಯಲ್ಲಿ ಒಬ್ಬರು ಕಡಿಮೆ. ಪಾವು ಅಂಟಿಕೊಳ್ಳುತ್ತದೆ, ಬಂದು ಹಿಡಿಯಬೇಕಂತೆ" ಎಂದೆ. ಒಂದು ಮಾತೂ ಬಿಡಲಿಲ್ಲ, ಒಂದು ಮಾತೂ ಸೇರಿಸಲಿಲ್ಲ.

ಅವರು ಬೀದಿಯುದ್ದಕ್ಕೂ ಒಮ್ಮೆ ನೋಡಿದರು. ಆಮೇಲೆ ಎಳೆಗೆ ಸಿಕ್ಕಿಕೊಳ್ಳದಿರಲೆಂದು ಕೈಗಡಿಯಾರ ಬಿಚ್ಚಿ ಡ್ರೈವರನ ಕೈಗೆ ಕೊಟ್ಟು, ಎಲ್ಲಿ ಹಿಡಿಯಬೇಕು ಎಂದು ನನ್ನನ್ನು ಕೇಳಿದರು.